ಕೊನೆಯ ಬೆಂಚಿಗೆ ಮುಟ್ಟದ ದನಿ

ಅವಳು ಮೊದಲ ದಿನ ಆಡಿದ ಮೊದಲ ಮಾತು ನನಗೆ ಕೇಳಿಸಲೇ ಇಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಏನೋ ಅಂದಳು. ನಾನು "ಏನು?" ಅಂದೆ. ಮತ್ತೆ ಅಂದಳು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಮಾತ್ರ ಹೊಸ್ತಿಲು ದಾಟಲಿಲ್ಲ. ಕೊನೆಗೆ ನಾನೇ ಎದ್ದು ಹತ್ತಿರ ಹೋಗಿ ಕಿವಿಗೊಟ್ಟೆ. ಸಿಂದಗಿಯ ಬಿ.ಎಡ್. ಕಾಲೇಜಿನಿಂದ ಬಂದಿದ್ದೇನೆ, ಪಾಠ ಹೇಳುವ ಅಭ್ಯಾಸಕ್ಕೆ ನನ್ನನ್ನು ನಿಮ್ಮ ಕೈಕೆಳಗೆ ಹಾಕಿದ್ದಾರೆ ಎಂದು ಹೇಳುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಮೋರಟಗಿಯ ನಮ್ಮ ಹೈಸ್ಕೂಲಿನ ಎಂಟನೇ ಇಯತ್ತೆಯ ಮುಂದೆ ಈ ದನಿಯನ್ನು ನಿಲ್ಲಿಸುವುದೂ ಒಂದೇ, ಸಂತೆಯ ನಡುವೆ ನಿಂತು ಗುಟ್ಟು ಹೇಳುವುದೂ ಒಂದೇ.

ನನ್ನ ದನಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಈ ಕಥೆಯಲ್ಲಿ ಅಡ್ಡ ಬರುತ್ತಲೇ ಇರುತ್ತದೆ. ನಿವೃತ್ತಳಾಗುವವರೆಗೂ ನಾನು ಅಲ್ಲಿ ವಿಜ್ಞಾನ ಕಲಿಸಿದೆ. ನಾನು ಎಂಟನೇ ಇಯತ್ತೆಗೆ ಪಾಠ ಹೇಳಿದರೆ ಪಕ್ಕದ ಕೋಣೆಯ ಒಂಬತ್ತನೆಯವರಿಗೆ ಪುನರಾವರ್ತನೆ ಆಗುತ್ತಿತ್ತು. ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ನಾನು "ಏ ಕಂಡಕ್ಟರ್" ಎಂದರೆ ಹೊರಟ ಬಸ್ಸೂ ನಿಲ್ಲುತ್ತಿತ್ತು. ಇಂಥ ಗಂಟಲಿನವಳ ಕೈಕೆಳಗೆ ಆ ಹುಡುಗಿಯನ್ನು ಹಾಕಿದವರು ಯಾರೋ ತಮಾಷೆಯ ಮನುಷ್ಯರೇ ಇರಬೇಕು.

ಅವಳ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಸಿಕ್ಕಾಗ ಜಗಳ ತೆಗೆಯುತ್ತಾಳೆ. ಅವಳ ಜಗಳವೂ ಕೇಳಿಸುವುದಿಲ್ಲ, ಅದೇ ಹೆಚ್ಚು ಕಷ್ಟ.

ಪರಿಚಯವಾದ ವಾರದಲ್ಲೇ ನಾನು ಬಾಯಿಬಿಟ್ಟು ಕೇಳಿದ್ದೆ, ಯಾಕವ್ವಾ, ನಿಮ್ಮ ಮನೆಯಲ್ಲಿ ಹೊಟ್ಟೆಗೆ ಹಾಕುವುದಿಲ್ಲವೇ ಎಂದು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ತಲೆಯ ಮೇಲಿನ ದುಪಟ್ಟಾದ ಅಂಚನ್ನು ಎಳೆದುಕೊಂಡು ನಕ್ಕಳು.

"ನಮ್ಮ ಅಬ್ಬಾ ಹಗಲೆಲ್ಲಾ ಮಲಗಿರ್ತಿದ್ರಿ ಅಕ್ಕೋರ. ಮನ್ಯಾಗ ಯಾರೂ ಜೋರ್ ಮಾತಾಡಂಗಿದ್ದಿಲ್ಲ."

ಅವಳ ಊರು ಮುಳವಾಡ. ತಂದೆ ನೀರೆತ್ತುವ ಪಂಪ್‌ಹೌಸಿನಲ್ಲಿ ಕಾಯಂ ರಾತ್ರಿಪಾಳಿಯವರು. ಹಗಲು ಅವರ ನಿದ್ದೆ. ಹಾಗಾಗಿ ಆ ಮನೆಯ ಮಕ್ಕಳು ತಗ್ಗಿದ ದನಿಯಲ್ಲೇ ಜಗಳಾಡಿ, ತಗ್ಗಿದ ದನಿಯಲ್ಲೇ ಅತ್ತು, ತಗ್ಗಿದ ದನಿಯಲ್ಲೇ ಮಗ್ಗಿ ಬಾಯಿಪಾಠ ಮಾಡಿ ಬೆಳೆದರಂತೆ. ಕಾಯಿಪಲ್ಯ ಮಾರುವವಳು ಕೂಡ ಅವರ ಓಣಿಗೆ ಬಂದರೆ ಕೂಗು ನಿಲ್ಲಿಸಿ ಬಾಗಿಲು ಬಡಿಯುತ್ತಿದ್ದಳಂತೆ. ಆ ಮನುಷ್ಯ ನಿದ್ದೆಗೆಟ್ಟು ಎತ್ತಿದ ನೀರಿನಲ್ಲಿ ಸುತ್ತಲಿನ ಹೊಲಗಳು ಹಸಿರಾದವು, ಮಗಳ ದನಿ ಮಾತ್ರ ತಳದಲ್ಲೇ ಉಳಿಯಿತು. ಇದನ್ನು ನಾನು ಅವಳಿಗೆ ಹೇಳಿದಾಗ, ಅಬ್ಬಾನಿಗೆ ಹೇಳಬೇಡಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದಳು.

ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಅವಳ ಕಾಲೇಜಿನಿಂದ ಪಾಠ ನೋಡಲು ಬರುತ್ತಿದ್ದ ಸರ್ ಮೊದಲ ಸಲವೇ ಕೊನೆಯ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಪಾಠ ಮುಗಿದ ಮೇಲೆ ಅವಳನ್ನು ಕರೆದು, ತನಗೆ ಒಂದು ಅಕ್ಷರವೂ ಕೇಳಿಸಲಿಲ್ಲ ಎಂದಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ನೇರ ಮಾತಿನವರು, ಅಷ್ಟೇ. ದನಿ ಇಲ್ಲದವರಿಗೆ ಈ ನೌಕರಿಯಲ್ಲ, ಈಗಲೇ ವಿಚಾರ ಮಾಡು ಎಂದರು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಅವಳು ಅದನ್ನು ಹೇಳಿದಳು. ಬಸವನಬಾಗೇವಾಡಿಯಲ್ಲಿ ಅವಳ ಕಾಕಾನ ಮಗನ ಆನ್‌ಲೈನ್ ಸೆಂಟರ್ ಇತ್ತು. ಜನರ ಅರ್ಜಿ ತುಂಬಿಕೊಡುವ ಕೆಲಸಕ್ಕೆ ಬಾ ಎಂದು ಅವನು ಕರೆಯುತ್ತಲೇ ಇದ್ದ. ಅಲ್ಲಿ ಮಾತಾಡುವ ಅಗತ್ಯವೇ ಇಲ್ಲ, ಬೆರಳು ಆಡಿದರೆ ಸಾಕು.

"ಕೊನೀ ಪಾಠ ಒಂದೈತ್ರಿ ಅಕ್ಕೋರ. ಅವತ್ತೂ ಹಿಂದಿನ ಬೆಂಚಿಗೆ ಕೇಳಲಿಲ್ಲಂದ್ರ ನಾ ಬಿಟ್ಟ ಬಿಡ್ತೇನ್ರಿ," ಎಂದಳು. ಬಸ್ಸಿನ ಗದ್ದಲದಲ್ಲಿ ಆ ಮಾತು ಮಾತ್ರ ನನಗೆ ಪೂರ್ತಿ ಕೇಳಿಸಿತು. ಬಿಡುವ ಮಾತು ಆಡಬೇಡ ಎಂದು ಗದರಿದೆ. ಯಾಕೆಂದರೆ ಅಷ್ಟರಲ್ಲಿ ನಾನು ಅವಳನ್ನು ಮಕ್ಕಳ ನಡುವೆ ನೋಡಿದ್ದೆ.

ಅವಳ ಬಾಯಲ್ಲಿ ತಪ್ಪು ಎಂಬ ಮಾತು ಬರುತ್ತಿರಲಿಲ್ಲ. ಮಗು ಏನು ಉತ್ತರ ಕೊಟ್ಟರೂ, ಯಾಕೆ ಹಾಗೆ ಅನ್ನಿಸಿತು ಎಂದು ಕೇಳುತ್ತಿದ್ದಳು. ಕೇಳಿ ಕಾಯುತ್ತಿದ್ದಳು. ನನಗಾದರೆ ಕಾಯುವುದು ಬಾರದು. ಹುಡುಗ ಬಾಯಿ ತೆರೆಯುವುದರೊಳಗೆ ನಾನೇ ಉತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋಗಿರುತ್ತೇನೆ. ಅವಳು ಬೆಂಚಿನ ಪಕ್ಕ ಮಂಡಿಯೂರಿ, ಗದ್ದ ಬೆಂಚಿಗೆ ತಾಗುವ ಹಾಗೆ ಕೂತು, ಆ ಮಗುವಿನ ಮುಖವನ್ನೇ ನೋಡುತ್ತಿರುವಳು. ತೊಂದರೆ ಒಂದೇ: ಒಬ್ಬರ ಜೊತೆ ಅವಳು ಹೀಗೆ ಕೂತಾಗ ಉಳಿದ ಐವತ್ತು ಮಂದಿ ತಮ್ಮ ರಾಜ್ಯಭಾರ ನಡೆಸಿರುತ್ತಿದ್ದರು.

ಅವಳ ಬಾಯಲ್ಲಿ ಸದಾ ಇದ್ದ ಮಾತೆಂದರೆ "ನೋಡೂಣ್ರಿ." ಆಗುವುದಿಲ್ಲ ಎಂದು ನಾವೆಲ್ಲ ಖಾತ್ರಿ ಮಾಡಿದ ಕೆಲಸಕ್ಕೂ ನೋಡೂಣ್ರಿ ಎಂದೇ ಕೈಹಾಕುವಳು. ದನಿಗೆ ಬದಲು ಬೇರೇನಾದರೂ ಕ್ಲಾಸನ್ನು ಹಿಡಿದು ನಿಲ್ಲಿಸೀತೇ ಎಂದು ಫೋನಿನಲ್ಲಿ ಹುಡುಕತೊಡಗಿದಳು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ ಶೇಂಗಾ ಚಟ್ನಿ, ಇನ್ನೊಂದು ಕೈಯಲ್ಲಿ ಫೋನು. ದಿನಕ್ಕೊಂದು ಹೊಸ ಉಪಕರಣ.

ಮೊದಲು ನಮ್ಮ ಸಾಲೆಯ ಸ್ಮಾರ್ಟ್ ಟಿವಿಯ ಮೇಲೆ ಕಣ್ಣು ಹಾಕಿದಳು. ಅದು ಹೆಡ್‌ಮಾಸ್ತರರ ಕೋಣೆಯಲ್ಲಿ ಹೂವಿನ ಕಸೂತಿಯ ಗೌಸು ಹೊದ್ದು ಕೂತಿತ್ತು. ಹೊರಗೆ ತಂದರೆ ಧೂಳಾಗುತ್ತದೆ ಎಂದು ಅವರು ಮಾಸಾಶನ ಬರುವ ಹಿರಿಯರನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದರು. ಹೇಗೋ ಒಪ್ಪಿಸಿ ತಂದಳು, ಕರೆಂಟು ಹೋಯಿತು. ಆಮೇಲೆ ಅಂಗಿಗೆ ಸಿಕ್ಕಿಸುವ ಮೈಕು ತಂದು ಡಬ್ಬಿಯಂಥ ಸ್ಪೀಕರಿಗೆ ಜೋಡಿಸಿದಳು. ಅದು ಅವಳ ಮಾತಿಗಿಂತ ಅವಳ ಉಸಿರನ್ನೇ ಹೆಚ್ಚು ದೊಡ್ಡದು ಮಾಡಿತು. ಹುಡುಗರು ಇಡೀ ವಾರ ಹಾಗೇ ಉಸಿರಾಡಿ ಅಣಕಿಸಿದರು. ಮೂರನೆಯದಾಗಿ ಪ್ರಶ್ನೆಗಳ ಲಿಂಕನ್ನು ಪಾಲಕರ ವಾಟ್ಸಪ್ ಗುಂಪಿಗೆ ಹಾಕಿದಳು, ಮಕ್ಕಳು ಮನೆಯ ಫೋನಿನಲ್ಲಿ ಉತ್ತರಿಸಲಿ ಎಂದು. ಆದರೆ ಫೋನು ಮಕ್ಕಳ ಹತ್ತಿರ ಎಲ್ಲಿರುತ್ತದೆ? ಅದು ಅಪ್ಪನ ಜೇಬಿನಲ್ಲಿ ಹೊಲದಲ್ಲಿರುತ್ತದೆ. ಉತ್ತರಗಳೇನೋ ಬಂದವು. ಅಪ್ಪಂದಿರು ಬದುವಿನ ಮೇಲೆ ಕೂತು ಒತ್ತಿದ್ದರು. ಪುಣೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನ ಕಾಕಾ ಎಲ್ಲವನ್ನೂ ಸರಿಯಾಗಿ ಉತ್ತರಿಸಿ, ನನ್ನ ಅಂಕ ಎಷ್ಟು, ಯಾಕೆ ತಿಳಿಸಿಲ್ಲ ಎಂದು ಗುಂಪಿನಲ್ಲೇ ತಕರಾರು ತೆಗೆದ. ನಾನು ನಕ್ಕು ನಕ್ಕು ಸುಸ್ತಾದೆ. ಅವಳು ಮಾತ್ರ ಆ ಕಾಕಾನಿಗೆ ಅಭಿನಂದನೆ ಕಳಿಸಿ, ಮತ್ತೆ ನೋಡೂಣ್ರಿ ಎಂದಳು.

ಆಗ ಸಿಕ್ಕಿದ್ದು ಕಾರ್ಡು. ಅದರ ಉಪಾಯ ನನಗೂ ಮೆಚ್ಚುಗೆಯಾಯಿತು. ಮಕ್ಕಳ ಬಳಿ ಫೋನು ಬೇಕಿಲ್ಲ, ಅವಳದೊಂದಿದ್ದರೆ ಸಾಕು. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು, ಅದರ ಮೇಲೆ ಕರೀ ಚೌಕಗಳ ಒಂದು ಚಿತ್ರ. ಒಬ್ಬರದಿದ್ದ ಹಾಗೆ ಇನ್ನೊಬ್ಬರದಿಲ್ಲ. ನಾಲ್ಕು ಅಂಚಿಗೆ ಸಣ್ಣದಾಗಿ ಅ, ಆ, ಇ, ಈ. ಪ್ರಶ್ನೆ ಕೇಳಿದಾಗ ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯಬೇಕು. ಅವಳು ಮುಂದೆ ನಿಂತು ಫೋನಿನ ಕ್ಯಾಮೆರಾ ಆಡಿಸಿದರೆ ಯಾರು ಯಾವ ಉತ್ತರ ಹೇಳಿದರು ಎಂದು ತಾನೇ ಓದಿಕೊಳ್ಳುತ್ತದೆ. ಪಕ್ಕದವರಿಗೆ ತಿಳಿಯುವುದಿಲ್ಲ, ತಪ್ಪಾದರೆ ನಗುವವರಿಲ್ಲ. ವರ್ಷವಿಡೀ ಬಾಯಿ ಬಿಡದ ಹುಡುಗಿಯರು ಕೈ ಎತ್ತತೊಡಗಿದರು. ಅವಳಿಗೆ ಕಾರ್ಡಿನ ಅಕ್ಕೋರು ಎಂದೇ ಹೆಸರಾಯಿತು.

ಆ ಹುಡುಗಿಯರಲ್ಲಿ ಒಬ್ಬಳು ಯಲ್ಲವ್ವ. ಅವಳ ಕಾರ್ಡು ಅಂಗಿಯ ಕಿಸೆಯಲ್ಲೇ ಉಳಿದು ಬಟ್ಟೆಯ ಜೊತೆ ಒಗೆದುಹೋಯಿತು. ಕಾರ್ಡು ಕಳೆದರೆ ಕ್ಲಾಸಿನಿಂದಲೇ ಹೊರಗಾದೆ ಎಂಬಂತೆ ಹುಡುಗಿ ಅತ್ತಳು. ಅವಳ ಅವ್ವ ಓಣಿಗೆಲ್ಲ ಕೌದಿ ಹೊಲಿದುಕೊಡುವವಳು. ಹಳೇ ಸೀರೆ ಧೋತರದ ತುಂಡುಗಳನ್ನು ಜೋಡಿಸಿ ಹೊದಿಕೆ ಮಾಡುವುದರಲ್ಲಿ ಪಳಗಿದ ಕೈ. ಇದೇನು ಮಹಾ, ಚೌಕವೇ ತಾನೆ ಎಂದು, ಹಿಂಜಿದ ಕಾಗದವನ್ನು ಮುಂದಿಟ್ಟುಕೊಂಡು, ಬಿಳೀ ಧೋತರದ ಮೇಲೆ ಕರೀ ಅರಿವೆಯ ಚೌಕಗಳನ್ನು ಹಚ್ಚಿ, ಅಂಚಿಗೆ ಕೆಂಪು ದಾರದಲ್ಲಿ ಅಕ್ಷರ ತೆಗೆದು ಹೊಸ ಕಾರ್ಡೇ ಹೊಲಿದುಕೊಟ್ಟಳು. ಯಲ್ಲವ್ವ ಅದನ್ನು ಅಂಜುತ್ತಲೇ ಎತ್ತಿ ಹಿಡಿದಳು. ನಮ್ಮ ಬಿ.ಎಡ್. ಹುಡುಗಿ ಫೋನು ತೋರಿಸಿದಳು. ಟಿಣ್ ಎಂದಿತು. ಫೋನು ಕೌದಿಯನ್ನು ಓದಿತು! ಕಾರ್ಡಿನ ಅಕ್ಕೋರು ಅವತ್ತು ನಿಂತಲ್ಲೇ ಎರಡು ಸಲ ಜಿಗಿದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಕೊನೆಯ ಪಾಠದ ದಿನ ಗೊತ್ತಾಯಿತು. ಪಾಠ ಬೆಳಕಿನದು, ಬೆಳಿಗ್ಗೆ ಮೊದಲ ಪಿರಿಯಡ್. ಕಾಲೇಜಿನ ಸರ್ ಬರುತ್ತಾರೆ. ಹಿಂದಿನ ದಿನ ಸಾಲೆ ಬಿಡುವಾಗ ಅವಳು ಮಕ್ಕಳಿಗೆ ಹೇಳಿದ್ದು ಇಷ್ಟೇ: ನಾಳೆ ನನಗೆ ಪರೀಕ್ಷೆ, ಕಾರ್ಡು ಜೋಪಾನ.

ನಮ್ಮ ಕಡೆ ಜೋಪಾನ ಎಂದರೆ ಏನು ಎಂಬುದನ್ನು ಅವಳು ಮರೆತಿದ್ದಳು. ಆಧಾರ್ ಕಾರ್ಡಾಗಲಿ, ರೇಷನ್ ಕಾರ್ಡಾಗಲಿ, ತೀರಿಹೋದ ಅಜ್ಜನ ಫೋಟೋ ಆಗಲಿ, ಜೋಪಾನ ಮಾಡಬೇಕೆಂದರೆ ಝೆರಾಕ್ಸ್ ಅಂಗಡಿಗೆ ಒಯ್ದು ಪ್ಲಾಸ್ಟಿಕ್ ಹೊದಿಸುವುದೇ. ಅಲ್ಲದೆ ಯಲ್ಲವ್ವನ ಕಾರ್ಡು ಮಾತ್ರ ಹರಿಯುವುದಿಲ್ಲ, ನಮ್ಮದು ಹರಿಯುತ್ತದೆ ಎಂಬ ಹೊಟ್ಟೆಕಿಚ್ಚು ಬೇರೆ ಒಳಗೊಳಗೇ ಇತ್ತು. ಆ ಸಂಜೆ ಎಂಟನೇ ಇಯತ್ತೆಯವರು ಯಲ್ಲವ್ವನದೊಂದು ಬಿಟ್ಟು ಎಲ್ಲರ ಕಾರ್ಡು ಒಟ್ಟುಗೂಡಿಸಿ ಲ್ಯಾಮಿನೇಷನ್ ಮಾಡಿಸಿಬಿಟ್ಟರು. ಅಕ್ಕೋರಿಗೆ ಆಶ್ಚರ್ಯವಾಗಲಿ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಅವಳ ಮೇಲಿನ ಪ್ರೀತಿ ಅದು, ಇನ್ನೇನು ಹೇಳಲಿ.

ಆ ಕೋಣೆಯಲ್ಲಿ ಕರೀಹಲಗೆಯ ಎರಡೂ ಬದಿಗೆ ದೊಡ್ಡ ಕಿಟಕಿಗಳಿವೆ, ಮೂಡಣ ದಿಕ್ಕಿಗೆ. ಬೆಳಗಿನ ಬಿಸಿಲು ನೇರ ಮಕ್ಕಳ ಮುಖಕ್ಕೆ. ಕಾಲೇಜಿನ ಸರ್ ಎಂದಿನಂತೆ ಕೊನೆಯ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡರು. ನಾನು ಬಾಗಿಲ ಹತ್ತಿರ ನಿಂತೆ. ಅವಳು ಪಾಠ ಶುರುಮಾಡಿದಳು, ಸರ್ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ನಾನು ಮನಸ್ಸಿನಲ್ಲೇ, ಆಗಲಿ, ಕಾರ್ಡು ಬರಲಿ, ಕ್ಲಾಸು ಕೈಗೆ ಸಿಗುತ್ತದೆ ಎಂದುಕೊಂಡೆ. ಅವಳು ಮೊದಲ ಪ್ರಶ್ನೆ ಹಲಗೆಯ ಮೇಲೆ ಬರೆದಳು. ಐವತ್ತು ಕೈಗಳು ಹೆಮ್ಮೆಯಿಂದ ಮೇಲೆದ್ದವು. ಇಡೀ ಕೋಣೆ ಫಳಫಳ ಹೊಳೆಯಿತು.

ಫೋನು ಸುಮ್ಮನಿತ್ತು. ಅವಳು ಎಡಕ್ಕೆ ಆಡಿಸಿದಳು, ಬಲಕ್ಕೆ ಆಡಿಸಿದಳು. ಪ್ಲಾಸ್ಟಿಕ್ಕಿನ ಮೇಲೆ ಬಿಸಿಲು ಬಡಿದು ಕಾರ್ಡುಗಳೆಲ್ಲ ಬಿಳಿಯಾಗಿ ಕಾಣುತ್ತಿದ್ದವು. ಅಷ್ಟರಲ್ಲಿ ಒಂದೇ ಒಂದು ಸಲ ಟಿಣ್ ಎಂದಿತು. ಯಲ್ಲವ್ವನ ಕೌದಿ. ಮಕ್ಕಳ ಮುಖ ಸಣ್ಣಗಾಯಿತು. ತಾವೇ ಅಕ್ಕೋರ ಪರೀಕ್ಷೆ ಕೆಡಿಸಿದೆವು ಎಂದು ಅವರಿಗೆ ತಿಳಿದುಹೋಯಿತು. ಗುಜುಗುಜು ಎದ್ದಿತು. ನನ್ನ ಗಂಟಲು ತುರಿಸಿತು. ಒಂದು ಸಲ ಗದರಿಸಿದ್ದರೆ ಎಲ್ಲರೂ ತಣ್ಣಗಾಗುತ್ತಿದ್ದರು. ಆದರೆ ಪರೀಕ್ಷೆ ನನ್ನದಲ್ಲ. ಸೆರಗು ಬಾಯಿಗಿಟ್ಟುಕೊಂಡು ನಿಂತೆ.

ಅವಳು ಫೋನು ಕೆಳಗಿಳಿಸಿ ಮಕ್ಕಳನ್ನು ನೋಡಿದಳು. ಒಂದು ಕ್ಷಣ ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ಆಮೇಲೆ ತಲೆಯ ದುಪಟ್ಟಾ ಸರಿಮಾಡಿಕೊಂಡು, ಮನೆಯಲ್ಲಿ ಅಬ್ಬಾ ಮಲಗಿದ್ದಾರೇನೋ ಎಂಬಷ್ಟೇ ದನಿಯಲ್ಲಿ ಕೇಳಿದಳು:

"ಯಲ್ಲವ್ವಂದು ಓದ್ತು, ನಿಮ್ಮವು ಓದವಲ್ದು. ಯಾಕ?"

ಮುಂದಿನ ಬೆಂಚಿನವರು ಕೇಳಿಸಿಕೊಂಡರು. ಹಿಂದಿನವರು, ಏನಂದರು, ಏನಂದರು ಎಂದು ಮುಂದಿನವರ ಬೆನ್ನು ತಿವಿದರು. ಪ್ರಶ್ನೆ ಬೆಂಚಿನಿಂದ ಬೆಂಚಿಗೆ ದಾಟುತ್ತ ಹೋಯಿತು. ಅದು ಕೊನೆಯ ಬೆಂಚಿಗೆ ಮುಟ್ಟುವ ಹೊತ್ತಿಗೆ ಕ್ಲಾಸು ತಾನಾಗಿ ಸುಮ್ಮನಾಗಿತ್ತು, ಯಾಕೆಂದರೆ ಎಲ್ಲರಿಗೂ ಉತ್ತರ ಬೇಕಿತ್ತು. ಬಿಸಿಲು ಬಡಿದು ಹೊಳ್ಳಿ ಹಿಂದಕ್ಕೆ ಹೋಗುತ್ತದೆ ಎಂದು ಒಬ್ಬ ಹೇಳಿದ. ಎಲ್ಲಿಗೆ ಎಂದು ಕೇಳಿದಳು. ಫೋನಿನ ಕಣ್ಣಿಗೆ ಎಂದ. ಹಾಗಾದರೆ ಕೌದಿಗೆ ಬಿಸಿಲು ಬಡಿಯುವುದಿಲ್ಲವೇ ಎಂದಳು. ಬಡಿಯುತ್ತದೆ, ಆದರೆ ಅರಿವೆ ಒರಟು, ಬೆಳಕು ಒಂದೇ ಕಡೆ ಹೋಗದೆ ಚೆಲ್ಲಾಪಿಲ್ಲಿಯಾಗುತ್ತದೆ ಎಂದಳು ಯಲ್ಲವ್ವ. ವರ್ಷವಿಡೀ ಮಾತಾಡದ ಯಲ್ಲವ್ವ, ಎದ್ದು ನಿಂತು. ಅವತ್ತಿನ ಪಾಠವೇ ಅದು: ನುಣುಪಾದದ್ದರ ಮೇಲೆ ಬೆಳಕು ಹೇಗೆ ತಿರುಗುತ್ತದೆ, ಒರಟಾದದ್ದರ ಮೇಲೆ ಹೇಗೆ ಚದುರುತ್ತದೆ. ನಾನು ಅದನ್ನು ಎಷ್ಟೋ ವರ್ಷ ಕನ್ನಡಿ ಹಿಡಿದು, ಗಂಟಲು ಹರಿದು ಹೇಳಿದ್ದೇನೆ.

ಹಾಗಾದರೆ ಈಗೇನು ಮಾಡೋಣ ಎಂದು ಅವಳು ಕೇಳಿದಳು. ಬಿಸಿಲಿಗೆ ಬೆನ್ನು ಮಾಡೋಣ ಎಂದರು. ನೋಡೂಣ್ರಿ ಎಂದಳು. ಐವತ್ತು ಮಂದಿ ಬೆಂಚು ಎಳೆದು ಹಿಂದುಮುಂದಾಗಿ ಕೂತರು. ಅವಳು ಹಲಗೆಯನ್ನು ಬಿಟ್ಟು, ನಡುವಿನ ದಾರಿಯಲ್ಲಿ ನಡೆದು, ಹಿಂದಿನ ಗೋಡೆಗೆ ಹೋಗಿ ನಿಂತಳು. ಕೊನೆಯ ಬೆಂಚು ಮೊದಲನೆಯದಾಯಿತು. ಕಾಲೇಜಿನ ಸರ್ ಕುರ್ಚಿಯನ್ನು ಯಾವ ಕಡೆ ತಿರುಗಿಸಬೇಕು ಎಂದು ತಿಳಿಯದೆ ಎದ್ದು ನಿಂತವರು, ಕೊನೆಗೆ ಇಬ್ಬರು ಹುಡುಗರ ನಡುವೆ ಬೆಂಚಿನ ಮೇಲೆ ಕೂತರು. ಹಲಗೆ ಬೆನ್ನಿಗೆ ಬಿತ್ತಲ್ಲ ಎಂದರು. ಇರಲಿ ಸರ್, ಈಗ ಬೇಕಾಗಿಲ್ಲ ಎಂದಳು ಅವಳು. ಕಾರ್ಡುಗಳು ಮತ್ತೆ ಎದ್ದವು. ಫೋನು ಒಂದರ ಹಿಂದೊಂದು ಟಿಣ್ ಟಿಣ್ ಎನ್ನುತ್ತ ಎಲ್ಲವನ್ನೂ ಓದಿತು. ಅವಳು ಅದನ್ನು ಸರಿಯಾಗಿ ನೋಡಲೂ ಇಲ್ಲ. ಫೋನನ್ನು ಸರ್ ಬಿಟ್ಟೆದ್ದ ಕುರ್ಚಿಯ ಮೇಲಿಟ್ಟು ಬೆಂಚುಗಳ ನಡುವೆ ಹೊರಟಳು, ಒಬ್ಬೊಬ್ಬರ ಪಕ್ಕ ಬಗ್ಗಿ, ಯಾಕೆ ಹಾಗೆ ಅನ್ನಿಸಿತು ಎಂದು ಕೇಳುತ್ತ. ಒಬ್ಬರನ್ನು ಕೇಳುವಾಗ ಉಳಿದವರೆಲ್ಲ ಕತ್ತು ಚಾಚಿ ಕೇಳುತ್ತಿದ್ದರು.

ಗಂಟೆ ಹೊಡೆದಾಗ ಸರ್ ಎದ್ದು, ಈ ಸಲ ನನಗೆ ಎಲ್ಲಾ ಕೇಳಿಸಿತು ಎಂದರು. ಬೇರೆ ಯಾರಾದರೂ ಆಗಿದ್ದರೆ ಧನ್ಯವಾದ ಹೇಳಿ ಸುಮ್ಮನಾಗುತ್ತಿದ್ದರು. ಇವಳು ಏನೆಂದಳು ಗೊತ್ತೇ?

"ಸರ್, ನೀವು ಮುಂದಿನ ಬೆಂಚಿನ್ಯಾಗ ಕುಂತಿದ್ರಿ."

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ನನಗೆ. ಸರ್ ಆಚೆ ತುದಿಗೆ, ಈಗ ಹಿಂದಿನದಾಗಿದ್ದ ಬೆಂಚಿಗೆ ನಡೆದರು. ಅಲ್ಲಿ ಕೂತ ಹುಡುಗನನ್ನು ನಿನಗೆ ಕೇಳಿಸಿತೇನೋ ಎಂದು ಕೇಳಿದರು.

"ಕೇಳಿಸ್ತ್ರಿ ಸರ್," ಎಂದ ಹುಡುಗ. "ಎಲ್ಲಾರೂ ಸುಮ್ಕಿದ್ವಿ, ಅದಕ್ಕ."

ಸರ್ ಹೋಗುವಾಗ ಅವಳ ತಲೆಯ ಮೇಲೆ ಕೈಯಿಟ್ಟು, ಅರ್ಜಿ ತುಂಬುವ ಅಂಗಡಿಗೆ ಹೋಗಬೇಡ ಎಂದಷ್ಟೇ ಹೇಳಿದರು. ಆ ಅಂಗಡಿಯ ವಿಷಯ ಅವರಿಗೆ ಯಾರು ಹೇಳಿದರೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಬಾಯಿ ಸುಮ್ಮನಿರುವುದಿಲ್ಲ, ಏನು ಮಾಡಲಿ.

ಆ ವರ್ಷದ ರಂಜಾನಿಗೆ ಅವಳು ಮುಳವಾಡದಿಂದ ಒಂದು ದೊಡ್ಡ ಡಬ್ಬಿ ಹಾಲು ಶಾವಿಗೆಯ ಸುರಕುಂಬಾ ತಂದು ಸ್ಟಾಫ್ ರೂಮಿಗೆಲ್ಲ ಹಂಚಿದಳು. ಜೊತೆಗೆ ಅವಳ ಅಬ್ಬಾನೂ ಬಂದಿದ್ದರು. ದಪ್ಪ ಮೀಸೆಯ ಎತ್ತರದ ಆಳು. ಆ ಮನುಷ್ಯ ನಮಸ್ಕಾರ ಅಂದದ್ದಕ್ಕೆ ನನ್ನ ಟೇಬಲ್ಲಿನ ಮೇಲಿನ ಪೆನ್ನು ಉರುಳಿತು. ಅಂಥ ದನಿ! ಅವರ ನಿದ್ದೆಗಾಗಿ ಎಲ್ಲರೂ ದನಿ ತಗ್ಗಿಸಿದ ಆ ಮನೆಯಲ್ಲಿ ಅವರೊಬ್ಬರ ದನಿ ಮಾತ್ರ ತಗ್ಗದೆ ಉಳಿದಿತ್ತು.

ಮೊನ್ನೆ ಇಂಡಿಗೆ ಬೀಗರ ಮನೆಗೆ ಹೋಗಿದ್ದೆ. ಅವಳು ಅಗರಖೇಡದ ಸಾಲೆಯಲ್ಲಿದ್ದಾಳೆ ಎಂದು ಗೊತ್ತಿತ್ತು. ಮುದ್ದೇಬಿಹಾಳದ ಕಡೆ ಅವಳ ಊರಿಗೆ ಹತ್ತಿರದ ಜಾಗ ಸಿಗುವುದಿತ್ತು, ಇಲ್ಲಿಯ ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದಳಂತೆ. ಬಂದದ್ದು ಬಂದೆ, ನೋಡಿಕೊಂಡೇ ಹೋಗೋಣ ಎಂದು ಬಸ್ಸು ಹತ್ತಿದೆ. ಸಾಲೆಯ ಅಂಗಳ ದಾಟಿದೆ. ಪಕ್ಕದ ಕೋಣೆಗಳಲ್ಲಿ ಗದ್ದಲ, ತುದಿಯ ಕೋಣೆ ಮಾತ್ರ ಸುಮ್ಮನೆ. ಇವರಿಗೆ ಸೂಟಿ ಕೊಟ್ಟಿದ್ದಾರೇನೋ ಎಂದುಕೊಂಡು ಬಾಗಿಲಲ್ಲಿ ಇಣುಕಿದೆ.

ಕೋಣೆ ತುಂಬಿತ್ತು. ಹಲಗೆಯ ಮುಂದೆ ಯಾರೂ ಇಲ್ಲ. ಎಲ್ಲೋ ನಡುವಿನ ಬೆಂಚಿನ ಪಕ್ಕ ಒಂದು ದುಪಟ್ಟಾ ಕಂಡಿತು, ಮಂಡಿಯೂರಿ ಕೂತಿದ್ದಳು. ಮಕ್ಕಳ ಕೈಯಲ್ಲಿ ಕಾರ್ಡುಗಳಿದ್ದವು. ಒಂದೂ ಪ್ಲಾಸ್ಟಿಕ್ಕಿನದಲ್ಲ, ಎಲ್ಲವೂ ಅರಿವೆಯವು, ಊರಿನ ಅವ್ವಂದಿರು ಹೊಲಿದವು, ಬಿಳಿಯ ಮೇಲೆ ಕರಿ ಚೌಕ. ನನಗೆ ಸಂತೋಷ ತಡೆಯಲಾಗಲಿಲ್ಲ. ಎಂದಿನ ದನಿಯಲ್ಲಿ ಅವಳ ಹೆಸರು ಹಿಡಿದು ಕೂಗಲು ಬಾಯಿ ತೆರೆದೆ.

ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತ ಹುಡುಗಿಯೊಬ್ಬಳು ತಿರುಗಿ ನೋಡಿದಳು. ತುಟಿಯ ಮೇಲೆ ಬೆರಳಿಟ್ಟು, ಊರಿಗೆ ಬಂದ ದಡ್ಡರಿಗೆ ತಿಳಿಹೇಳುವ ಹಾಗೆ ನನಗೆ ಹೇಳಿದಳು:

"ಸುಮ್ಕಿರ್ರಿ ಆಯಿ. ನಮ್ಮ ಅಕ್ಕೋರು ಮಾತಾಡಾಕತ್ತಾರ."

ನನ್ನ ಜನ್ಮದಲ್ಲಿ ಯಾರೂ ನನಗೆ ಸುಮ್ಮನಿರಿ ಎಂದು ಹೇಳಿ ದಕ್ಕಿಸಿಕೊಂಡಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಸದ್ದಾಗದ ಹಾಗೆ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅಲ್ಲಿಗೂ ಕೇಳಿಸುತ್ತಿತ್ತು.